ಪೆಟ್ಟಿಗೆಗೆ ನಿದ್ದೆ ಬೇಡ, ಪೈಲಟನಿಗೆ?

2013ರ ಆಗಸ್ಟ್ 14. ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರ ಇನ್ನೂ ನಿದ್ದೆಯಲ್ಲಿತ್ತು. ಬೆಳಗಿನ ಜಾವ ಐದು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಯುಪಿಎಸ್ ಕಂಪೆನಿಯ ಸರಕು ವಿಮಾನವೊಂದು ರನ್‌ವೇ ತಲುಪುವ ಮೊದಲೇ ನೆಲಕ್ಕಪ್ಪಳಿಸಿತು. ಒಳಗಿದ್ದವರು ಇಬ್ಬರೇ, ಕ್ಯಾಪ್ಟನ್ ಮತ್ತು ಸಹಪೈಲಟ್. ಇಬ್ಬರೂ ಸಾವಿಗೀಡಾದರು. ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ಆಮೇಲೆ ಕೇಳಿದಾಗ ಒಂದು ಸಂಗತಿ ಬಯಲಾಯಿತು. ಹೊರಡುವ ಮುನ್ನ ಈ ಇಬ್ಬರೂ ತಮ್ಮ ದಣಿವಿನ ಬಗ್ಗೆ ಮಾತಾಡಿಕೊಂಡಿದ್ದರು. ಬರಲಿರುವ ಹೊಸ ವಿಶ್ರಾಂತಿ ನಿಯಮ ಪ್ರಯಾಣಿಕ ವಿಮಾನದ ಪೈಲಟ್‌ಗಳಿಗೆ ಮಾತ್ರ, ತಮಗಿಲ್ಲ ಎಂಬ ಬಗ್ಗೆಯೂ ಮಾತಾಡಿಕೊಂಡಿದ್ದರು.

ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಪೈಲಟ್‌ಗಳ ತಪ್ಪನ್ನು ಮುಚ್ಚಿಡಲಿಲ್ಲ. ವಿಮಾನ ಸರಿಯಾದ ರೀತಿಯಲ್ಲಿ ಇಳಿಯುತ್ತಿಲ್ಲದಿದ್ದರೂ ಇಳಿಸುವ ಪ್ರಯತ್ನವನ್ನು ಕೈಬಿಡದೇ ಹೋದದ್ದು ಮುಖ್ಯ ಕಾರಣ ಎಂದಿತು. ಸಹಪೈಲಟ್ ತನ್ನ ಬಿಡುವಿನ ವೇಳೆಯನ್ನು ನಿದ್ದೆಗೆ ಸರಿಯಾಗಿ ಬಳಸಿರಲಿಲ್ಲ ಎಂದೂ ಹೇಳಿತು. ಅವರ ವೇಳಾಪಟ್ಟಿ ಹೊಸ ನಿಯಮಕ್ಕೂ ಹೊಂದುತ್ತಿತ್ತು ಎಂದು ಕಂಪೆನಿ ವಾದಿಸಿತು. ಇರಲಿ, ಅದನ್ನೂ ಒಪ್ಪೋಣ. ಆದರೆ ಅದೇ ವರದಿಯ ಕಾರಣಗಳ ಪಟ್ಟಿಯಲ್ಲಿ ದಣಿವು ಕೂಡಾ ಇದೆ. ಆದ್ದರಿಂದ ಪ್ರಶ್ನೆ ಉಳಿದೇ ಉಳಿಯುತ್ತದೆ. ಒಂದೇ ಆಕಾಶ, ಒಂದೇ ರನ್‌ವೇ, ಒಂದೇ ಬಗೆಯ ಲೈಸನ್ಸ್. ಹೀಗಿರುವಾಗ ಪೈಲಟನ ನಿದ್ದೆಯ ಅಳತೆ ಅವನ ಬೆನ್ನ ಹಿಂದೆ ಮನುಷ್ಯರಿದ್ದಾರೋ ಪೆಟ್ಟಿಗೆಗಳಿವೆಯೋ ಎಂಬುದನ್ನು ನೋಡಿ ತೀರ್ಮಾನವಾಗುವುದು ಯಾವ ನ್ಯಾಯ?

ಈ ನಿಯಮ ಹುಟ್ಟಿದ ಕತೆಯನ್ನು ಸ್ವಲ್ಪ ತಿಳಿಯಬೇಕು. 2009ರ ಫೆಬ್ರವರಿಯಲ್ಲಿ ಬಫೆಲೊ ನಗರದ ಬಳಿ ಕೋಲ್ಗನ್ ಏರ್‌ನ ಪ್ರಯಾಣಿಕ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ಸತ್ತವರ ಕುಟುಂಬಗಳು ಸುಮ್ಮನೆ ಕೂರಲಿಲ್ಲ. ಅವರ ಒತ್ತಡದಿಂದಾಗಿ 2010ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಪೈಲಟ್‌ಗಳ ದಣಿವಿನ ಬಗ್ಗೆ ವಿಜ್ಞಾನ ಹೇಳುವುದನ್ನು ಆಧರಿಸಿ ಹೊಸ ನಿಯಮ ರೂಪಿಸುವಂತೆ ವಿಮಾನಯಾನ ಇಲಾಖೆಗೆ ಆದೇಶಿಸಿತು. ಹೊಸ ನಿಯಮ 2014ರ ಜನವರಿಯಲ್ಲಿ ಜಾರಿಗೆ ಬಂತು. ಕೆಲಸಕ್ಕೆ ಮುನ್ನ 10 ಗಂಟೆಗಳ ಬಿಡುವು, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ. ರಾತ್ರಿ ಕೆಲಸ ಆರಂಭಿಸುವವರಿಗೆ ಕಡಿಮೆ ಅವಧಿಯ ಡ್ಯೂಟಿ. ಆದರೆ ಕರಡಿನಲ್ಲಿ ಎಲ್ಲರನ್ನೂ ಒಳಗೊಂಡಿದ್ದ ಈ ನಿಯಮ ಅಂತಿಮ ರೂಪಕ್ಕೆ ಬರುವಾಗ ಸರಕು ವಿಮಾನದ ಪೈಲಟ್‌ಗಳನ್ನು ಹೊರಗಿಟ್ಟಿತ್ತು. ಅವರು ಹಳೆಯ ನಿಯಮದಲ್ಲೇ ಉಳಿದರು. ಆ ನಿಯಮದ ಪ್ರಕಾರ ಡ್ಯೂಟಿ 16 ಗಂಟೆಯವರೆಗೂ ಹೋಗಬಹುದು.

ಕಾರಣ ಏನು ಗೊತ್ತೇ? ಲೆಕ್ಕಾಚಾರ. ಸರಕು ವಿಮಾನಗಳಿಗೂ ಈ ನಿಯಮ ಅನ್ವಯಿಸಿದರೆ ಉದ್ಯಮಕ್ಕೆ ಸುಮಾರು 30 ಕೋಟಿ ಡಾಲರ್ ವೆಚ್ಚವಾಗುತ್ತದೆ, ಅದರಿಂದಾಗುವ ಲಾಭ ಅದರ ಒಂದು ಸಣ್ಣ ಪಾಲು ಮಾತ್ರ ಎಂದು ಇಲಾಖೆ ಲೆಕ್ಕ ಹಾಕಿತು. ಲಾಭವೆಂದರೆ ತಪ್ಪಬಹುದಾದ ಸಾವುಗಳ ಬೆಲೆ. ಪ್ರಯಾಣಿಕ ವಿಮಾನ ಬಿದ್ದರೆ ನೂರಾರು ಹೆಣ, ಸರಕು ವಿಮಾನ ಬಿದ್ದರೆ ಎರಡೋ ಮೂರೋ. ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಾಗಿಲ್ಲ. ಯುಪಿಎಸ್ ಪೈಲಟ್‌ಗಳ ಸಂಘವು ಕೋರ್ಟಿಗೆ ಹೋಯಿತು. 2016ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಈ ತಾರತಮ್ಯ ನಿವಾರಿಸುವ ಮಸೂದೆ ಸಂಸತ್ತಿನಲ್ಲಿ ಹಲವು ಬಾರಿ ಮಂಡನೆಯಾಯಿತು, ಪ್ರತಿ ಬಾರಿಯೂ ಅಲ್ಲೇ ಸತ್ತಿತು.

ಇಷ್ಟಕ್ಕೂ, ಸರಕು ವಿಮಾನದಲ್ಲಿ ಜನರಿಲ್ಲ ಎಂಬ ಮಾತೇ ಅರ್ಧಸತ್ಯ. ವಿಮಾನದೊಳಗೆ ಜನರಿಲ್ಲದಿರಬಹುದು, ಅದು ಹಾರುವ ದಾರಿಯ ಕೆಳಗೆ ಜನರಿಲ್ಲವೇ? 2025ರ ನವೆಂಬರ್ 4ರಂದು ಲೂಯಿವಿಲ್‌ನಲ್ಲಿ, ಬಾಕ್ಸಿಂಗ್ ದಂತಕತೆ ಮುಹಮ್ಮದ್ ಅಲಿಯ ಹೆಸರಿರುವ ವಿಮಾನ ನಿಲ್ದಾಣದಿಂದ ಮೇಲೇರುತ್ತಿದ್ದ ಯುಪಿಎಸ್‌ನ ಎಂಡಿ-11 ಸರಕು ವಿಮಾನದ ಎಡ ಎಂಜಿನ್ ಕಳಚಿ ಬಿತ್ತು. ವಿಮಾನದಲ್ಲಿದ್ದ ಮೂವರ ಜೊತೆಗೆ ನೆಲದ ಮೇಲಿದ್ದ ಹತ್ತಕ್ಕೂ ಹೆಚ್ಚು ಜನರು ಪ್ರಾಣ ಕಳಕೊಂಡರು. ಈ ಅಪಘಾತಕ್ಕೂ ಪೈಲಟ್‌ಗಳ ನಿದ್ದೆಗೂ ಸಂಬಂಧವಿಲ್ಲ, ನಿಜ. ಆದರೆ ಸರಕು ವಿಮಾನ ಬಿದ್ದರೆ ಸಾಯುವವರು ಎಷ್ಟು ಎಂಬ ಲೆಕ್ಕಕ್ಕೆ ಸಂಬಂಧವಿದೆ. 2010ರ ಸೆಪ್ಟೆಂಬರ್‌ನಲ್ಲಿ ದುಬೈಯಿಂದ ಹೊರಟ ಯುಪಿಎಸ್‌ನ ಜಂಬೊ ವಿಮಾನದಲ್ಲಿ ಸರಕಿಗೇ ಬೆಂಕಿ ಬಿತ್ತು. ಅದರಲ್ಲಿ ಲಿಥಿಯಂ ಬ್ಯಾಟರಿಗಳಿದ್ದವು. ಕಾಕ್‌ಪಿಟ್ ತುಂಬಾ ಹೊಗೆ. ಮರಳಿ ದುಬೈಗೆ ಬಂದ ವಿಮಾನ ಜನವಸತಿಯ ಮೇಲೆ ಬೀಳದೆ ಸೇನಾ ಪ್ರದೇಶದಲ್ಲಿ ಬಿತ್ತು. ಇಬ್ಬರು ಪೈಲಟ್‌ಗಳು ಸತ್ತರು. ಆ ಸಂಜೆ ಆ ವಿಮಾನ ಹಾರಿದ ಆಕಾಶದ ಕೆಳಗೆ ನಮ್ಮ ಕರಾವಳಿಯ ಎಷ್ಟು ಮನೆಗಳ ಮಕ್ಕಳಿದ್ದರು ಎಂದು ಒಮ್ಮೆ ಯೋಚಿಸಿ.

ಈಗ ಸಂಬಳದ ಒಪ್ಪಂದದ ವಿಷಯಕ್ಕೆ ಬರೋಣ. ಅಮೆರಿಕದ ಸರಕು ಪೈಲಟ್‌ಗಳು ಒಪ್ಪಂದಕ್ಕಾಗಿ ವರ್ಷಗಟ್ಟಲೆ ಜಗ್ಗಾಡುವುದನ್ನು ಕಂಡವರು, ಇವರಿಗೇನು ಕಡಿಮೆಯಾಗಿದೆ ಎಂದು ಮೂಗು ಮುರಿಯುತ್ತಾರೆ. ಆದರೆ ಅವರ ಒಪ್ಪಂದ ಸಂಬಳದ ಚೀಟಿ ಮಾತ್ರ ಅಲ್ಲ. ಕಾನೂನು ಯಾವುದನ್ನು ಪ್ರಯಾಣಿಕ ವಿಮಾನದವರಿಗೆ ಪುಕ್ಕಟೆಯಾಗಿ ಕೊಟ್ಟಿದೆಯೋ ಅದನ್ನು ಇವರು ಮೇಜಿನ ಮುಂದೆ ಕೂತು ಕೇಳಿ ಪಡೆಯಬೇಕು. ಸತತ ಎಷ್ಟು ರಾತ್ರಿ ಹಾರಬೇಕು, ಎರಡು ಹಾರಾಟಗಳ ನಡುವೆ ಮಲಗಲು ಕೋಣೆ ಇದೆಯೇ, ದಣಿದಿದ್ದೇನೆ ಹಾರಲಾರೆ ಎಂದವನ ಸಂಬಳ ಕಡಿತವಾಗುತ್ತದೆಯೇ – ಇವೆಲ್ಲ ಒಪ್ಪಂದದ ಸಾಲುಗಳು. ಈ ಉದ್ಯಮದ ದಿನಚರಿಯೇ ರಾತ್ರಿಯದ್ದು. ಸಂಜೆ ಊರೂರಿನಿಂದ ಪಾರ್ಸೆಲ್ ತುಂಬಿಕೊಂಡ ವಿಮಾನಗಳು ಮಧ್ಯರಾತ್ರಿಯ ಹೊತ್ತಿಗೆ ಮೆಂಫಿಸ್‌ಗೋ ಲೂಯಿವಿಲ್‌ಗೋ ಬಂದಿಳಿಯುತ್ತವೆ. ಸಾವಿರಾರು ಕಾರ್ಮಿಕರು ಎರಡು ಮೂರು ಗಂಟೆಗಳಲ್ಲಿ ಪಾರ್ಸೆಲ್‌ಗಳನ್ನು ಬೇರ್ಪಡಿಸುತ್ತಾರೆ. ಬೆಳಕು ಹರಿಯುವ ಮುನ್ನ ಅವೇ ವಿಮಾನಗಳು ಮತ್ತೆ ಹಾರುತ್ತವೆ. ದೇಹ ನಿದ್ದೆಗಾಗಿ ಅಂಗಲಾಚುವ ಹೊತ್ತಿನಲ್ಲೇ ವಿಮಾನ ಇಳಿಸುವ ಕೆಲಸ. ಹೀಗಿರುವಾಗ ವಿಶ್ರಾಂತಿಯ ನಿಯಮ ಯಾರಿಗೆ ಹೆಚ್ಚು ಬೇಕಿತ್ತು, ಹಗಲು ಹಾರುವವರಿಗೋ ಇವರಿಗೋ?

ಈ ಮೇಜಿನಲ್ಲೂ ಎರಡೂ ಕಡೆಯವರ ಕುರ್ಚಿ ಸಮಾನ ಎತ್ತರದ್ದಲ್ಲ. 1926ರಲ್ಲಿ ರೈಲ್ವೆಗಾಗಿ ಮಾಡಿದ ಕಾರ್ಮಿಕ ಕಾನೂನನ್ನು 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಲಾಯಿತು. ಈ ಕಾನೂನಿನ ಪ್ರಕಾರ ಒಪ್ಪಂದದ ಅವಧಿ ಮುಗಿಯುವುದೇ ಇಲ್ಲ. ಅದು ತಿದ್ದುಪಡಿಗೆ ಅರ್ಹವಾಗುತ್ತದೆ ಅಷ್ಟೆ. ಹೊಸದು ಬರುವವರೆಗೆ ಹಳೆಯದೇ ಮುಂದುವರಿಯುತ್ತದೆ. ಸರಕಾರದ ಮಧ್ಯಸ್ಥಿಕೆ ಮಂಡಳಿ ಬಿಡುಗಡೆ ಮಾಡುವವರೆಗೆ ಮುಷ್ಕರ ಹೂಡುವಂತಿಲ್ಲ. ಬಿಡುಗಡೆ ಮಾಡಿದರೂ 30 ದಿನ ಕಾಯಬೇಕು. ಆಮೇಲೂ ಅಧ್ಯಕ್ಷರು ತಡೆಯಬಹುದು, ಸಂಸತ್ತು ಒಪ್ಪಂದವನ್ನು ಹೇರಬಹುದು. 2022ರ ಡಿಸೆಂಬರ್‌ನಲ್ಲಿ ರೈಲ್ವೆ ಕಾರ್ಮಿಕರ ಮೇಲೆ ಹಾಗೆಯೇ ಹೇರಲಾಯಿತು. ಅಂದರೆ ಕಾಲ ಯಾವಾಗಲೂ ಕಂಪೆನಿಯ ಪರ. ಮಾತುಕತೆ ಎಳೆದಷ್ಟೂ ಹಳೆಯ ಸಂಬಳದಲ್ಲಿ ಹೊಸ ಲಾಭ.

ಫೆಡೆಕ್ಸ್‌ನಲ್ಲಿ ನಡೆದದ್ದನ್ನೇ ನೋಡಿ. ಸುಮಾರು 5,800 ಪೈಲಟ್‌ಗಳ ಮಾತುಕತೆ 2021ರಲ್ಲಿ ಆರಂಭವಾಯಿತು. ಕೊರೋನಾ ಕಾಲದಲ್ಲಿ ಜಗತ್ತೇ ಬಾಗಿಲು ಹಾಕಿಕೊಂಡಿದ್ದಾಗ ಲಸಿಕೆ, ಮಾಸ್ಕ್, ಮಾತ್ರೆಗಳನ್ನು ಹೊತ್ತು ಹಾರಿದವರಲ್ಲಿ ಇವರೂ ಇದ್ದರು. 2023ರಲ್ಲಿ ಒಂದು ಕರಡು ಒಪ್ಪಂದ ಸಿದ್ಧವಾಯಿತು. ಸಂಬಳದಲ್ಲಿ ಶೇ. 30ರಷ್ಟು ಏರಿಕೆ, ಪಿಂಚಣಿಯಲ್ಲೂ ಏರಿಕೆ. ಆದರೆ ಆ ಜುಲೈಯಲ್ಲಿ ನಡೆದ ಮತದಾನದಲ್ಲಿ ಶೇ. 57ರಷ್ಟು ಪೈಲಟ್‌ಗಳು ಬೇಡ ಎಂದರು. ತಮ್ಮ ಸಂಘದ ನಾಯಕರೇ ಮುಂದಿಟ್ಟ ಒಪ್ಪಂದವನ್ನು ಸದಸ್ಯರೇ ತಿರಸ್ಕರಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ಡೆಲ್ಟಾ ಎಂಬ ಪ್ರಯಾಣಿಕ ಸಂಸ್ಥೆಯ ಪೈಲಟ್‌ಗಳು ಶೇ. 34ರಷ್ಟು ಏರಿಕೆ ಪಡೆದದ್ದು ಎಲ್ಲರ ಕಣ್ಣ ಮುಂದಿತ್ತು.

ಆಗ ಪೈಲಟ್‌ಗಳ ನಡುವೆಯೇ ದೊಡ್ಡ ಚರ್ಚೆ ಎದ್ದಿತು. ಸಿಕ್ಕಿದ್ದನ್ನು ತೆಗೆದುಕೊಳ್ಳೋಣ, ಸರಕು ಕಡಿಮೆಯಾಗುತ್ತಿದೆ, ಪಾರ್ಸೆಲ್‌ಗಳು ವಿಮಾನದಿಂದ ಲಾರಿಗೆ ಇಳಿಯುತ್ತಿವೆ, ಅಮೆಝಾನ್ ತನ್ನದೇ ಬಣ್ಣದ ವಿಮಾನಗಳನ್ನು ಹಾರಿಸುತ್ತಿದೆ, ಹೆಚ್ಚು ಕೇಳಿದರೆ ಇದ್ದ ಕೆಲಸವೂ ಹೋದೀತು ಎಂದರು ಒಂದು ಗುಂಪಿನವರು. ಈಗ ಬಗ್ಗಿದರೆ ಮುಂದೆ ಎದ್ದು ನಿಲ್ಲಲಾಗದು ಎಂದರು ಇನ್ನೊಂದು ಗುಂಪಿನವರು. ಮೊದಲ ಗುಂಪಿನ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ತಿರಸ್ಕಾರದ ಕೆಲವೇ ತಿಂಗಳಲ್ಲಿ ಕಂಪೆನಿಯು ತನ್ನಲ್ಲಿ ಪೈಲಟ್‌ಗಳು ಹೆಚ್ಚಾಗಿದ್ದಾರೆ, ಬೇಕಿದ್ದರೆ ಪಿಎಸ್‌ಎ ಎಂಬ ಸಣ್ಣ ಪ್ರಾದೇಶಿಕ ವಿಮಾನ ಸಂಸ್ಥೆಗೆ ಸೇರಿಕೊಳ್ಳಬಹುದು ಎಂದು ದಾರಿ ತೋರಿಸಿತು. ಮುಂದಿನ ಮಾತುಕತೆ ಮಧ್ಯಸ್ಥಿಕೆ ಮಂಡಳಿಯ ಅಂಗಳದಲ್ಲಿ ವರ್ಷಗಟ್ಟಲೆ ಎಳೆಯಿತು.

ಆದರೆ ಪೈಪೋಟಿಯ ಈ ವಾದವನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಿ. ಕಡಿಮೆ ಕೇಳಿದರೆ ಕೆಲಸ ಉಳಿಯುತ್ತದೆ ಎಂಬುದು ಎಲ್ಲಿ ಸಾಬೀತಾಗಿದೆ? ಅಮೆರಿಕದ ಅಂಚೆ ಇಲಾಖೆಯ ಸರಕನ್ನು ಫೆಡೆಕ್ಸ್ 2001ರಿಂದ ಹೊರುತ್ತಿತ್ತು. 2024ರ ಸೆಪ್ಟೆಂಬರ್ ಕೊನೆಗೆ ಆ ಗುತ್ತಿಗೆ ಕೈತಪ್ಪಿತು. ಆಗ ಫೆಡೆಕ್ಸ್ ಪೈಲಟ್‌ಗಳು ಹಳೆಯ ಸಂಬಳದಲ್ಲೇ ಹಾರುತ್ತಿದ್ದರು, ಹೊಸ ಒಪ್ಪಂದದ ಒಂದು ಡಾಲರ್ ಕೂಡಾ ಅವರ ಕೈಗೆ ಬಂದಿರಲಿಲ್ಲ. ಕೆಲಸ ಹೋದದ್ದು ಯಾರಿಗೆ? ಯುಪಿಎಸ್‌ಗೆ. ಅಲ್ಲಿಯ ಪೈಲಟ್‌ಗಳೂ ಸಂಘಟಿತರೇ, ಸಂಬಳದಲ್ಲೂ ಹಿಂದೆ ಬಿದ್ದವರಲ್ಲ. ಹಾಗಾದರೆ ಪೈಲಟ್‌ಗಳ ಬೇಡಿಕೆಯಿಂದ ಕೆಲಸ ಹೋಯಿತು ಎನ್ನುವುದು ಹೇಗೆ?

ಇನ್ನೂ ಹಿಂದಕ್ಕೆ ಹೋಗೋಣ. ಒಹಾಯೊ ರಾಜ್ಯದ ವಿಲ್ಮಿಂಗ್ಟನ್ ಎಂಬ ಸಣ್ಣ ಊರು ಡಿಎಚ್‌ಎಲ್ ಕಂಪೆನಿಯ ಸರಕು ಕೇಂದ್ರವನ್ನೇ ನಂಬಿ ಬದುಕುತ್ತಿತ್ತು. ಅಲ್ಲಿಂದ ಹಾರುತ್ತಿದ್ದುದು ಎಬಿಎಕ್ಸ್ ಏರ್‌ನ ಪೈಲಟ್‌ಗಳು. 2008ರ ಮೇ ತಿಂಗಳಲ್ಲಿ ಡಿಎಚ್‌ಎಲ್ ತನ್ನ ಅಮೆರಿಕದ ಹಾರಾಟವನ್ನು ಪ್ರತಿಸ್ಪರ್ಧಿ ಯುಪಿಎಸ್‌ಗೇ ವಹಿಸಿಕೊಡುವ ಯೋಜನೆ ಪ್ರಕಟಿಸಿತು. ನವೆಂಬರ್‌ನಲ್ಲಿ ಅಮೆರಿಕದ ಒಳಗಿನ ಸೇವೆಯನ್ನೇ ನಿಲ್ಲಿಸುವುದಾಗಿ ಹೇಳಿತು. ಸಾವಿರಾರು ಜನ ಬೀದಿಗೆ ಬಿದ್ದರು. ಅವರು ಕೇಳಿದ್ದು ಹೆಚ್ಚೋ ಕಡಿಮೆಯೋ ಎಂದು ಯಾರೂ ನೋಡಲಿಲ್ಲ. ತೀರ್ಮಾನವಾದದ್ದು ದೂರದ ಜರ್ಮನಿಯಲ್ಲಿದ್ದ ಮಾಲೀಕರ ಕೋಣೆಯಲ್ಲಿ.

ಅದೇ ಎಬಿಎಕ್ಸ್ ಮುಂದೆ ಅಮೆಝಾನ್‌ನ ಪೆಟ್ಟಿಗೆಗಳನ್ನು ಹೊತ್ತಿತು. ಅಮೆಝಾನ್‌ನ ಹೆಸರು ಬರೆದ ಆ ವಿಮಾನಗಳನ್ನು ಹಾರಿಸುವುದು ಅಮೆಝಾನ್‌ನ ನೌಕರರಲ್ಲ, ಗುತ್ತಿಗೆ ಸಂಸ್ಥೆಗಳ ಪೈಲಟ್‌ಗಳು. ಬಣ್ಣ ಒಬ್ಬರದು, ಸಂಬಳದ ಹೊಣೆ ಇನ್ನೊಬ್ಬರದು. 2016ರ ನವೆಂಬರ್‌ನಲ್ಲಿ, ಹಬ್ಬದ ಖರೀದಿಯ ಭರಾಟೆಯ ಮುನ್ನ, ಎಬಿಎಕ್ಸ್‌ನ ಸುಮಾರು 250 ಪೈಲಟ್‌ಗಳು ಕೆಲಸ ನಿಲ್ಲಿಸಿದರು. ಅವರ ದೂರು ಏನಿತ್ತು? ಸಾಕಷ್ಟು ಪೈಲಟ್‌ಗಳನ್ನು ನೇಮಿಸದೆ, ಇದ್ದವರನ್ನೇ ರಜಾ ದಿನಗಳಲ್ಲಿ ಬಲವಂತವಾಗಿ ಹಾರಿಸುತ್ತಾರೆ ಎಂಬುದು. ಮತ್ತೆ ಅದೇ ನಿದ್ದೆ, ಅದೇ ಬಿಡುವು. ಮರುದಿನವೇ ನ್ಯಾಯಾಲಯ ಅವರನ್ನು ಕೆಲಸಕ್ಕೆ ಮರಳಿ ಕಳಿಸಿತು. ಇನ್ನೊಂದು ಗುತ್ತಿಗೆ ಸಂಸ್ಥೆ ಅಟ್ಲಾಸ್ ಏರ್. 2016ರಲ್ಲಿ ಅದು ಸದರ್ನ್ ಏರ್ ಅನ್ನು ಖರೀದಿಸಿತು. ಎರಡೂ ಕಡೆಯ ಪೈಲಟ್‌ಗಳಿಗೆ ಒಂದು ಒಪ್ಪಂದ ಸಿಗಲು 2021ರ ತನಕ ಕಾಯಬೇಕಾಯಿತು, ಅದೂ ಪಂಚಾಯ್ತಿದಾರರ ತೀರ್ಪಿನ ಮೂಲಕ. 2023ರಲ್ಲಿ ಅಟ್ಲಾಸ್, 2025ರಲ್ಲಿ ಎಬಿಎಕ್ಸ್‌ನ ಮಾತೃಸಂಸ್ಥೆ, ಎರಡೂ ಹೂಡಿಕೆ ಕಂಪೆನಿಗಳ ಪಾಲಾದವು. ಒಂದಕ್ಕೆ 500 ಕೋಟಿ ಡಾಲರ್‌ಗೂ ಹೆಚ್ಚು, ಇನ್ನೊಂದಕ್ಕೆ 300 ಕೋಟಿಗೂ ಹೆಚ್ಚು. ಪೈಲಟನಿಗೆ ಕೊಡಲು ಕಾಸಿಲ್ಲದ ಉದ್ಯಮವನ್ನು ಇಷ್ಟು ಹಣ ಕೊಟ್ಟು ಕೊಳ್ಳುವವರು ದಡ್ಡರೇ?

ನಿಜವಾಗಿ, ಪೈಪೋಟಿ ಎಂಬ ಗುಮ್ಮನನ್ನು ಸೃಷ್ಟಿಸಿದ್ದೇ ಇದಕ್ಕಾಗಿ. ಫೆಡೆಕ್ಸ್‌ನವನಿಗೆ ಅಟ್ಲಾಸ್‌ನವನನ್ನು ತೋರಿಸುವುದು. ಅಟ್ಲಾಸ್‌ನವನಿಗೆ ಸಂಘವೇ ಇಲ್ಲದ ಕೊಲ್ಲಿಯ ಸಂಸ್ಥೆಗಳನ್ನು ತೋರಿಸುವುದು. ಯುಎಇಯಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಕತಾರ್‌ನಲ್ಲಿ ವಿದೇಶಿಯರು ಸಂಘ ಕಟ್ಟುವಂತಿಲ್ಲ. ಜಗತ್ತಿನ ಅತಿದೊಡ್ಡ ಸರಕು ಸಾಗಾಟಗಾರರಲ್ಲಿ ಎರಡು ಸಂಸ್ಥೆಗಳು ಅಲ್ಲಿವೆ. ಅವನು ಅಷ್ಟಕ್ಕೇ ಹಾರುತ್ತಾನೆ, ನಿನಗೇನು ಎಂಬ ಪ್ರಶ್ನೆಗೆ ಕೊನೆ ಎಲ್ಲಿ? ಆ ಮೆಟ್ಟಿಲುಗಳನ್ನು ಇಳಿಯುತ್ತಾ ಹೋದರೆ ಕೊನೆಯ ಮೆಟ್ಟಿಲಲ್ಲಿ ನಿಂತಿರುವವನು ಬಾಯಿಯೇ ಇಲ್ಲದ ಕೆಲಸಗಾರ. ಕೊಲ್ಲಿಯಲ್ಲಿ ದುಡಿದು ಬಂದ ನಮ್ಮವರಿಗೆ ಈ ಮೆಟ್ಟಿಲಿನ ಪರಿಚಯವನ್ನು ಹೊಸದಾಗಿ ಮಾಡಿಸಬೇಕಾಗಿಲ್ಲ.

ಹಾಗಂತ ಪೈಲಟ್‌ಗಳೆಲ್ಲ ಸಾಚಾ ಎಂದಲ್ಲ. ಫೆಡೆಕ್ಸ್ ಅಥವಾ ಯುಪಿಎಸ್‌ನ ಹಿರಿಯ ಕ್ಯಾಪ್ಟನ್ ವರ್ಷಕ್ಕೆ 3 ಲಕ್ಷ ಡಾಲರ್‌ಗೂ ಹೆಚ್ಚು ಗಳಿಸುತ್ತಾನೆ. ಅವನ ವಿಮಾನಕ್ಕೆ ಮಧ್ಯರಾತ್ರಿ ಪೆಟ್ಟಿಗೆ ತುಂಬುವ ಹುಡುಗ ಗಂಟೆಯ ಲೆಕ್ಕದಲ್ಲಿ ದುಡಿಯುತ್ತಾನೆ. ಆ ಹುಡುಗನ ನಿದ್ದೆಯ ಬಗ್ಗೆ ಪೈಲಟ್‌ಗಳ ಸಂಘಗಳು ಎಷ್ಟು ಮಾತಾಡಿವೆ? 1997ರ ಆಗಸ್ಟ್‌ನಲ್ಲಿ ಯುಪಿಎಸ್‌ನ ಸುಮಾರು 1,85,000 ಲಾರಿ ಚಾಲಕರು ಮತ್ತು ಕಾರ್ಮಿಕರು 15 ದಿನ ಮುಷ್ಕರ ಹೂಡಿದಾಗ ಅಲ್ಲಿನ ಪೈಲಟ್‌ಗಳು ವಿಮಾನ ಏರಲಿಲ್ಲ. ಕಾರ್ಮಿಕರು ಗೆದ್ದರು. ಮರು ವರ್ಷ ಫೆಡೆಕ್ಸ್‌ನ ಪೈಲಟ್‌ಗಳು ಒಂಟಿಯಾಗಿ ಹೋರಾಟಕ್ಕಿಳಿದರು. ಅದೇ ಕಂಪೆನಿಯ ಇತರ ನೌಕರರು ಕಂಪೆನಿಯ ಪರ ನಿಂತರು, ಕೆಲಸವನ್ನು ಹೊರಗಿನವರಿಗೆ ಕೊಡುವ ಮಾತು ಬಂತು, ನವೆಂಬರ್‌ನಲ್ಲಿ ಪೈಲಟ್‌ಗಳು ಹಿಂದೆ ಸರಿದರು. ಎರಡು ವರ್ಷ, ಎರಡು ಪಾಠ. ಲಾರಿಯವನ ಜೊತೆ ನಿಂತ ಪೈಲಟನಿಗೆ ಬಲವಿತ್ತು. ತನ್ನೊಬ್ಬನ ಸಂಬಳಕ್ಕೆ ನಿಂತವನಿಗೆ ಇರಲಿಲ್ಲ. ದೊಡ್ಡ ಸಂಸ್ಥೆಗಳ ಪೈಲಟ್‌ಗಳು ಗುತ್ತಿಗೆ ಸಂಸ್ಥೆಯ ಪೈಲಟ್‌ಗಳನ್ನು ಕಡೆಗಣ್ಣಿನಿಂದ ನೋಡುತ್ತಾ ಬಂದದ್ದರ ಬೆಲೆಯನ್ನೂ ಈಗ ತೆರುತ್ತಿದ್ದಾರೆ.

ಆದರೆ ಲಕ್ಷಗಟ್ಟಲೆ ಸಂಬಳ ಎಣಿಸುವವನಿಗೆ ನಿದ್ದೆ ಯಾಕೆ ಎಂದು ಕೇಳುವವರಿಗೆ ಒಂದೇ ಮಾತು. ದೇಹಕ್ಕೆ ಸಂಬಳದ ಲೆಕ್ಕ ಗೊತ್ತಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ರೆಪ್ಪೆ ಭಾರವಾಗುವುದು ಕ್ಯಾಪ್ಟನನಿಗೂ ಒಂದೇ, ರಾತ್ರಿ ಬಸ್ಸಿನ ಡ್ರೈವರನಿಗೂ ಒಂದೇ.

ಇದು ಅಮೆರಿಕದ ಕತೆ, ನಮಗೇನು ಎಂದು ಪುಟ ತಿರುಗಿಸಬೇಡಿ. ನಮ್ಮ ದೇಶದಲ್ಲೂ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ 2024ರ ಜನವರಿಯಲ್ಲಿ ಪ್ರಕಟವಾಯಿತು. ವಾರದ ಬಿಡುವು 36 ಗಂಟೆಯಿಂದ 48ಕ್ಕೆ ಏರಿಕೆ, ರಾತ್ರಿ ವಿಮಾನ ಇಳಿಸುವ ಮಿತಿ 6ರಿಂದ 2ಕ್ಕೆ ಇಳಿಕೆ. ಕಂಪೆನಿಗಳು ವಿರೋಧಿಸಿದವು, ಜಾರಿ ಮುಂದಕ್ಕೆ ಹೋಯಿತು. ಪೈಲಟ್‌ಗಳ ಸಂಘಗಳು ಹಿಡಿದಿದ್ದ ದಿಲ್ಲಿ ಹೈಕೋರ್ಟಿನ ಹಾದಿಯಿಂದಾಗಿ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಜನ ನೆಲದ ಮೇಲೆ ಮಲಗಿದರು. ಆಗ ಸರಕಾರ ಮಾಡಿದ್ದೇನು? ನಿಯಮವನ್ನೇ ಆ ಸಂಸ್ಥೆಗೆ ತಾತ್ಕಾಲಿಕವಾಗಿ ಸಡಿಲಿಸಿತು. ಸಿದ್ಧತೆಗೆ ಸುಮಾರು ಎರಡು ವರ್ಷ ಇದ್ದರೂ ಸಾಕಷ್ಟು ಪೈಲಟ್‌ಗಳನ್ನು ಇಟ್ಟುಕೊಳ್ಳದವರ ತಪ್ಪಿಗೆ ಪೈಲಟ್‌ಗಳ ನಿದ್ದೆ ದಂಡ. ನಿಲ್ದಾಣದಲ್ಲಿ ಸಿಟ್ಟಿಗೆದ್ದವರಲ್ಲಿ ಎಷ್ಟೋ ಜನ ಬೈದದ್ದು ನಿಯಮವನ್ನು. ಆ ನಿಯಮ ಇದ್ದದ್ದು ಅವರದೇ ಜೀವಕ್ಕಾಗಿ.

ಅಲ್ಲಿ ಪೈಲಟನ ಬೆನ್ನ ಹಿಂದೆ ಮನುಷ್ಯರಿಲ್ಲ, ಆದ್ದರಿಂದ ನಿಯಮ ಬೇಡ ಎಂದರು. ಇಲ್ಲಿ ಮನುಷ್ಯರು ತುಂಬಿಕೊಂಡಿದ್ದಾರೆ, ಆದ್ದರಿಂದ ನಿಯಮ ನಿಲ್ಲಿಸಿ ಎಂದರು. ಕಾರಣ ಎರಡು, ತೀರ್ಮಾನ ಒಂದೇ. ಹಾಗಿರುವಾಗ ಈ ಲೆಕ್ಕದಲ್ಲಿ ಪ್ರಯಾಣಿಕನೂ ಒಂದು ಪೆಟ್ಟಿಗೆಯೇ ಅಲ್ಲವೇ? ನಾಳೆ ನಿಮ್ಮ ಮನೆ ಬಾಗಿಲಿಗೆ ಪಾರ್ಸೆಲ್ ಬರುತ್ತದೆ. ಒಂದು ದಿನ ತಡವಾಗಿ ಬಂದರೆ ದೂರು ಕೊಡುವ ಮುನ್ನ ಒಂದು ಕ್ಷಣ ನಿಲ್ಲಿ. ಬಹುಶಃ ಆ ರಾತ್ರಿ ಯಾರೋ ಒಬ್ಬರು, ದಣಿದಿದ್ದೇನೆ, ಹಾರಲಾರೆ ಎಂದು ಹೇಳುವ ಧೈರ್ಯ ಮಾಡಿರಬಹುದು. ಆ ಮಾತನ್ನು ಕೆಲಸ ಕಳಕೊಳ್ಳುವ ಭಯವಿಲ್ಲದೆ ಹೇಳುವ ಹಕ್ಕಿಗಾಗಿಯೇ ಅವರ ಸಂಘ, ಅವರ ಒಪ್ಪಂದ, ಅವರ ಜಗಳ.